ಸಿನಿಮಾದ ಹೊಡೆದಾಟ ಮತ್ತು ನಮ್ಮ ಹುಡುಗರು

2022ರ ಏಪ್ರಿಲ್‌ನಲ್ಲಿ ನಾವು ಎಂಟನೇ ತರಗತಿ ಮುಗಿಸಿ ರಜೆಯಲ್ಲಿದ್ದೆವು. ಆಗಷ್ಟೇ ‘ಕೆಜಿಎಫ್ ಚಾಪ್ಟರ್ 2’ ಬಿಡುಗಡೆಯಾಗಿತ್ತು. ನಮ್ಮದೇ ಜಿಲ್ಲೆಯ ಶಿಗ್ಗಾವಿಯ ಚಿತ್ರಮಂದಿರವೊಂದರಲ್ಲಿ ಆ ಸಿನಿಮಾ ನಡೆಯುವಾಗ, ಮುಂದಿನ ಸೀಟಿನ ಮೇಲೆ ಕಾಲಿಟ್ಟ ವಿಷಯಕ್ಕೆ ಇಬ್ಬರ ನಡುವೆ ಜಗಳವಾಯಿತು. ಒಬ್ಬ ಎದ್ದು ಹೊರಗೆ ಹೋದವನು ಪಿಸ್ತೂಲು ತಂದು ಗುಂಡು ಹಾರಿಸಿದ. ಗಾಯಗೊಂಡ ಯುವಕನನ್ನು ಹುಬ್ಬಳ್ಳಿಯ ಕಿಮ್ಸ್ ಆಸ್ಪತ್ರೆಗೆ ಸಾಗಿಸಿದರು.

ನಮ್ಮ ಓಣಿಯಲ್ಲಿ ದೊಡ್ಡವರೆಲ್ಲ ಹೇಳಿದ್ದು ಒಂದೇ ಮಾತು: ‘ಸಿನಿಮಾ ನೋಡಿ ಹುಡುಗರು ಕೆಟ್ಟರು.’ ನನಗೆ ಆಗಲೂ ಇದು ಪೂರ್ತಿ ಒಪ್ಪಿಗೆಯಾಗಿರಲಿಲ್ಲ. ಪಿಸ್ತೂಲು ಸಿನಿಮಾ ಕೊಟ್ಟದ್ದಲ್ಲ. ಅದೇ ಸಿನಿಮಾವನ್ನು ನಾವೂ ನೋಡಿದ್ದೆವು, ಶಿಳ್ಳೆ ಹಾಕಿ ಮನೆಗೆ ಬಂದಿದ್ದೆವು. ಹಾಗಾದರೆ ಸಿನಿಮಾದಿಂದ ಏನೂ ಆಗುವುದಿಲ್ಲವೇ?

ನಾನು ಕಾಮರ್ಸ್ ವಿದ್ಯಾರ್ಥಿ, ಮನಃಶಾಸ್ತ್ರ ನನ್ನ ವಿಷಯವಲ್ಲ. ಆದರೂ ಒಂದು ಪ್ರಯೋಗದ ಬಗ್ಗೆ ಓದಿ ಆಶ್ಚರ್ಯವಾಯಿತು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಆಲ್ಬರ್ಟ್ ಬಂಡೂರ ಎಂಬುವವರು 1961ರಲ್ಲಿ 72 ಪುಟ್ಟ ಮಕ್ಕಳನ್ನು ಪರೀಕ್ಷಿಸಿದರು. ದೊಡ್ಡವರೊಬ್ಬರು ಗಾಳಿ ತುಂಬಿದ ಬೊಂಬೆಯನ್ನು ಗುದ್ದುವುದು, ಸುತ್ತಿಗೆಯಿಂದ ಹೊಡೆಯುವುದನ್ನು ಕೆಲವು ಮಕ್ಕಳಿಗೆ ತೋರಿಸಿದರು. ಆಮೇಲೆ ಆ ಮಕ್ಕಳು ಬೊಂಬೆಗೆ ಹಾಗೇ ಹೊಡೆದರು. ಹುಡುಗಿಯರಿಗಿಂತ ಹುಡುಗರು ಹೆಚ್ಚು ಹೊಡೆದರು. 1963ರಲ್ಲಿ ಇದನ್ನೇ ಫಿಲ್ಮಿನಲ್ಲಿ ತೋರಿಸಿದಾಗಲೂ ಮಕ್ಕಳು ಅನುಕರಿಸಿದರು.

ನನಗೆ ಮುಖ್ಯ ಅನ್ನಿಸಿದ್ದು 1965ರ ಪ್ರಯೋಗ. ಈ ಸಲ ಫಿಲ್ಮಿಗೆ ಮೂರು ಬೇರೆ ಬೇರೆ ಕೊನೆ ಇದ್ದವು. ಒಂದರಲ್ಲಿ ಹೊಡೆದವನಿಗೆ ಸಿಹಿತಿಂಡಿ, ಹೊಗಳಿಕೆ. ಇನ್ನೊಂದರಲ್ಲಿ ಶಿಕ್ಷೆ. ಮೂರನೆಯದರಲ್ಲಿ ಎರಡೂ ಇಲ್ಲ. ಶಿಕ್ಷೆ ನೋಡಿದ ಮಕ್ಕಳು ಕಡಿಮೆ ಹೊಡೆದರು. ಆಮೇಲೆ, ‘ನೋಡಿದ್ದನ್ನು ಮಾಡಿ ತೋರಿಸಿದರೆ ಜ್ಯೂಸ್, ಸ್ಟಿಕ್ಕರ್ ಕೊಡುತ್ತೇವೆ’ ಎಂದಾಗ ಮೂರೂ ಗುಂಪಿನವರು ಹೆಚ್ಚುಕಡಿಮೆ ಒಂದೇ ರೀತಿ ಮಾಡಿ ತೋರಿಸಿದರು! ಅಂದರೆ ಕಲಿಯುವುದನ್ನು ಎಲ್ಲರೂ ಕಲಿತಿದ್ದರು. ಹೊರಗೆ ಬರಲು ಬಹುಮಾನ ಬೇಕಾಗಿತ್ತು.

ಬೊಂಬೆ ಇರುವುದೇ ಹೊಡೆಯಲಿಕ್ಕೆ, ಅದರಿಂದ ಏನು ಗೊತ್ತಾಗುತ್ತದೆ ಎಂದು ಈ ಪ್ರಯೋಗವನ್ನು ಒಪ್ಪದವರೂ ಇದ್ದಾರೆ. ಹಿಂಸೆಯ ವಿಡಿಯೋ ಗೇಮ್‌ಗಳಿಂದ ಸಿಟ್ಟು, ಜಗಳಗಂಟತನ ಹೆಚ್ಚುತ್ತದೆ ಎಂದು ಅಮೆರಿಕದ ಮನಃಶಾಸ್ತ್ರಜ್ಞರ ಸಂಘ 2015ರಲ್ಲಿ ಹೇಳಿತು. ಆದರೆ ಅದರಿಂದಲೇ ಅಪರಾಧ ನಡೆಯುತ್ತದೆ ಎನ್ನಲು ಸಾಕಷ್ಟು ಆಧಾರವಿಲ್ಲ ಎಂದೂ ಹೇಳಿತು. ಈ ಎರಡನೇ ಮಾತನ್ನು ನಮ್ಮ ಟಿವಿ ಚಾನೆಲ್‌ಗಳು ಹೇಳುವುದೇ ಇಲ್ಲ.

ಆ ಜ್ಯೂಸ್ ಮತ್ತು ಸ್ಟಿಕ್ಕರ್ ಈಗ ನಮ್ಮ ಜೇಬಿನಲ್ಲೇ ಇವೆ. 2022ರ ಜನವರಿಯಲ್ಲಿ ದೆಹಲಿಯ ಜಹಾಂಗೀರ್‌ಪುರಿಯಲ್ಲಿ ಮೂವರು ಅಪ್ರಾಪ್ತ ಹುಡುಗರು ಒಬ್ಬನನ್ನು ಇರಿದು ಕೊಂದರು. ಅವರು ‘ಪುಷ್ಪ’ದಂಥ ಸಿನಿಮಾಗಳಿಂದ ಪ್ರಭಾವಿತರಾಗಿದ್ದರು, ಇನ್‌ಸ್ಟಾಗ್ರಾಮ್‌ಗೆ ಹಾಕಲೆಂದು ವಿಡಿಯೋ ಮಾಡಿಕೊಂಡಿದ್ದರು ಎಂದು ಪೊಲೀಸರು ಹೇಳಿದ್ದರು. ಸಿನಿಮಾಕ್ಕಾದರೆ ಸೆನ್ಸಾರ್ ಮಂಡಳಿ ಇದೆ. 2024ರಿಂದ ಯು/ಎ 7+, 13+, 16+ ಎಂಬ ವಿಂಗಡಣೆಯೂ ಬಂದಿದೆ. ಮೊಬೈಲಿಗೆ ಬರುವ ಮೂವತ್ತು ಸೆಕೆಂಡಿನ ಹೊಡೆದಾಟಕ್ಕೆ ಯಾವ ಸರ್ಟಿಫಿಕೇಟೂ ಇಲ್ಲ.

ದೆಹಲಿಯವರೆಗೆ ಹೋಗುವುದೇನೂ ಬೇಡ. ಹೋದ ತಿಂಗಳು ರಾಣೆಬೆನ್ನೂರು ಬಸ್ ನಿಲ್ದಾಣದಲ್ಲಿ ನಾನು ಹಾವೇರಿ ಬಸ್ಸಿಗೆ ನಿಂತಿದ್ದೆ. ಪರಿಚಯದ ಹುಡುಗನೊಬ್ಬ ಕಿಟಕಿಯಿಂದ ಕರ್ಚೀಫ್ ಹಾಕಿ ಸೀಟು ಹಿಡಿದಿದ್ದ. ಇನ್ನೊಬ್ಬ ಅದನ್ನು ತೆಗೆದು ಕೂತ. ಇಷ್ಟೇ. ‘ಏನಲೇ’ ‘ಏನಲೇ’ ಎನ್ನುತ್ತ ಇಬ್ಬರೂ ಕೆಳಗಿಳಿದರು. ಒಂದು ನಿಮಿಷ ಬರೀ ಬಾಯಿಮಾತು. ಅಷ್ಟರಲ್ಲಿ ಯಾರೋ ಮೊಬೈಲ್ ತೆಗೆದರು, ಆಮೇಲೆ ಐದಾರು ಜನ ತೆಗೆದರು, ನಾನೂ ತೆಗೆದೆ. ‘ಹೊಡಿಲೇ, ಏನ್ ನೋಡ್ತಿ’ ಎಂದು ಹಿಂದಿನಿಂದ ಕೂಗು ಬಂತು. ಮೊದಲ ಏಟು ಬಿದ್ದದ್ದು ಅದಾದ ಮೇಲೆ. ಕರ್ಚೀಫ್ ಹಾಕಿದವನ ತುಟಿ ಒಡೆಯಿತು. ಕಂಡಕ್ಟರ್ ಓಡಿ ಬಂದು ಬಿಡಿಸಿದರು.

ಮರುದಿನ ಅವನೇ ನನಗೆ ಹೇಳಿದ: ‘ನೀವು ಮೊಬೈಲ್ ತೆಗೀಲಿಲ್ಲಂದ್ರ ನಾ ಹೋಗಲಿ ಬಿಡು ಅಂತ ನಿಂತಕೊಂಡ ಬರ್ತಿದ್ದೆ. ಎಲ್ಲಾರೂ ನೋಡಾಕತ್ತಿದ್ರಿ, ಹೆಂಗ ಬಿಡ್ಲಿ?’ ನನ್ನ ಬಳಿ ಉತ್ತರವಿರಲಿಲ್ಲ. ಶಿಗ್ಗಾವಿಯಲ್ಲೂ ಜಗಳ ಸೀಟಿನ ವಿಷಯಕ್ಕೇ ಶುರುವಾಗಿತ್ತು ಎಂಬುದು ನೆನಪಾಯಿತು.

ನನ್ನ ಮೊಬೈಲಿನಲ್ಲಿದ್ದ ವಿಡಿಯೋ ಅಳಿಸಿದೆ. ಎರಡು ದಿನ ಬಿಟ್ಟು ಬ್ಯಾಡಗಿಯಲ್ಲಿ ಏಳನೇ ತರಗತಿ ಓದುವ ನಮ್ಮ ಖಾಲಾನ ಮಗ ಅದೇ ಜಗಳದ ವಿಡಿಯೋವನ್ನು ನನಗೇ ಕಳಿಸಿದ. ಯಾರೋ ಅದಕ್ಕೆ ಸಿನಿಮಾ ಮ್ಯೂಸಿಕ್ ಸೇರಿಸಿ, ಏಟು ಬೀಳುವಲ್ಲಿ ಸ್ಲೋ ಮೋಷನ್ ಮಾಡಿದ್ದರು. ಒಡೆದ ತುಟಿ, ಬಿಡಿಸಲು ಬಂದ ಕಂಡಕ್ಟರ್, ಬಸ್ಸಿನ ಹಿಂದೆ ನಿಂತು ಆ ಹುಡುಗ ಅತ್ತದ್ದು ಯಾವುದೂ ಅದರಲ್ಲಿ ಇರಲಿಲ್ಲ. ಕೆಳಗೆ ‘ಭಾಯಿ, ಯಾರು ಗೆದ್ದರು?’ ಎಂದು ಕೇಳಿದ್ದ.

ಅವನಿಗೆ ಫೋನ್ ಮಾಡಿ ಕತ್ತರಿಸಿದ ಭಾಗವನ್ನೆಲ್ಲ ಹೇಳಿದೆ. ‘ನಿಮಗೆ ಹೇಗೆ ಗೊತ್ತು?’ ಎಂದ. ವಿಡಿಯೋ ತೆಗೆಯುತ್ತ ನಿಂತವರಲ್ಲಿ ನಾನೂ ಒಬ್ಬನಿದ್ದೆ ಎಂದು ಹೇಳಬೇಕಾಯಿತು.