ಸಾಕ್ಷಿಯ ನೆನಪೂ ವಿದ್ಯಾಪೀಠದ ಪಾಠವೂ

ನ್ಯಾಯವಿಚಾರಣೆಗೆ ಒದಗುವ ಮನಶ್ಶಾಸ್ತ್ರವನ್ನು ಕಲಿಯಬಂದ ತರುಣರಿಗೆ ವಿಶ್ವವಿದ್ಯಾನಿಲಯವು ಮೊದಲು ಏನನ್ನು ಬೋಧಿಸತಕ್ಕದ್ದು? ಸುಳ್ಳು ಹಿಡಿಯುವ ಯಂತ್ರವನ್ನಂತೂ ಅಲ್ಲವೆಂದು ನಾವು ಸ್ಪಷ್ಟವಾಗಿ ಹೇಳುವೆವು. 1974ರಲ್ಲಿ ಅಮೆರಿಕದ ಲಾಫ್ಟಸ್ ಮತ್ತು ಪಾಮರ್ ಎಂಬ ವಿದ್ವಾಂಸರು ಪ್ರಕಟಿಸಿದ ಪ್ರಯೋಗವೇ ಮೊದಲ ಪಾಠವಾಗಲಿ. ಅವರು ವಿದ್ಯಾರ್ಥಿಗಳಿಗೆ ಮೋಟಾರು ಅಪಘಾತದ ಚಲನಚಿತ್ರವೊಂದನ್ನು ತೋರಿಸಿ, 50 ಮಂದಿಯನ್ನು ಗಾಡಿಗಳು ‘ತಾಗಿದಾಗ’ ವೇಗವೆಷ್ಟಿತ್ತೆಂದೂ, ಬೇರೆ 50 ಮಂದಿಯನ್ನು ‘ಅಪ್ಪಳಿಸಿದಾಗ’ ಎಷ್ಟಿತ್ತೆಂದೂ ಕೇಳಿದರು. ವಾರದ ತರುವಾಯ, ಒಡೆದ ಗಾಜನ್ನು ಕಂಡಿರಾ ಎಂದು ವಿಚಾರಿಸಲಾಗಿ, ಮೊದಲಿನವರಲ್ಲಿ 7 ಮಂದಿಯೂ ಎರಡನೆಯವರಲ್ಲಿ 16 ಮಂದಿಯೂ ಕಂಡೆವೆಂದರು. ಚಿತ್ರದಲ್ಲಿ ಒಡೆದ ಗಾಜೇ ಇರಲಿಲ್ಲ! ಒಂದು ಕ್ರಿಯಾಪದದ ಮಹಿಮೆಯೇ ಇಷ್ಟಾದರೆ, ಠಾಣೆಯಲ್ಲಿ ಗದರಿಸಿ ಕೇಳುವ ಪ್ರಶ್ನೆಯು ನಿರಪರಾಧಿಯೊಬ್ಬನನ್ನು ಎಲ್ಲಿಗೆ ಒಯ್ದೀತೆಂಬುದನ್ನು ವಾಚಕರೇ ಊಹಿಸಲಿ. ಈ ಪ್ರಯೋಗವನ್ನು ತರಗತಿಯಲ್ಲಿಯೇ ನಡೆಸಬಹುದು; ನಮ್ಮ ನಾಡಿನಲ್ಲಿ ಕನ್ನಡದಲ್ಲಿ ನಡೆಸುವುದೇ ಲೇಸು, ಇಲ್ಲಿಯ ಸಾಕ್ಷಿಗಳಲ್ಲಿ ಬಹುಮಂದಿ ನುಡಿಯುವುದು ಆ ಭಾಷೆಯಲ್ಲಿಯೇ ಅಲ್ಲವೇ?

ಇನ್ನು ಮಂಪರು ಪರೀಕ್ಷೆಯ ಮಾತು. ಇದನ್ನೂ ಸುಳ್ಳುಪತ್ತೆ ಯಂತ್ರವನ್ನೂ ಒಪ್ಪಿಗೆಯಿಲ್ಲದೆ ಯಾರ ಮೇಲೂ ಪ್ರಯೋಗಿಸಕೂಡದೆಂದೂ, ಒಪ್ಪಿಗೆಯಿಂದ ಮಾಡಿದರೂ ಅದರ ಫಲಿತಾಂಶವು ತಾನೇ ಸಾಕ್ಷ್ಯವೆನಿಸದೆಂದೂ ಸರ್ವೋಚ್ಚ ನ್ಯಾಯಾಲಯವು 2010ರಲ್ಲಿ, ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯದ ಮೊಕದ್ದಮೆಯಲ್ಲಿ, ತೀರ್ಪಿತ್ತಿತು. ಆ ತೀರ್ಪನ್ನು ಆದ್ಯಂತ ಓದದವನಿಗೆ ಈ ಶಾಸ್ತ್ರದಲ್ಲಿ ಪದವಿ ಕೊಡಲಾಗದೆಂಬುದು ನಮ್ಮ ಮತ.