ಒಂದೇ ಹೊದಿಕೆಯ ಎರಡು ಅಣಬೆಗಳು

ಇಟಲಿಯ ಕಾಡುಗಳಲ್ಲಿ ಮಳೆಯಾದ ಮೇಲೆ ಅಣಬೆ ಆರಿಸಲು ಹೋಗುವವರು ಬಹು ಆಸೆಯಿಂದ ಅರಸುವುದು ಕಿತ್ತಳೆ ಬಣ್ಣದ ಒಂದು ಅಣಬೆಯನ್ನು. ರೋಮಿನ ಸೀಸರರ ಹೆಸರನ್ನು ಹೊತ್ತಿರುವ ಇದು ಅಮಾನಿಟ ಸಿಸೇರಿಯ, ರುಚಿಗೆ ಹೆಸರಾದುದು. ಇದೇ ಕುಲದ ಇನ್ನೊಂದು ಜಾತಿ ಅಮಾನಿಟ ಮಸ್ಕೇರಿಯ. ಮಕ್ಕಳ ಕಥೆಪುಸ್ತಕಗಳ ಚಿತ್ರಗಳಲ್ಲಿ ಬಿಳಿಯ ಚುಕ್ಕೆಗಳ ಕೆಂಪು ಕೊಡೆ ಹಿಡಿದು ನಿಂತಿರುವುದು ಇದೇ. ಇದು ವಿಷದ ಅಣಬೆ. ಇದರ ತುಂಡುಗಳನ್ನು ಹಾಲಿನಲ್ಲಿಟ್ಟು ನೊಣಗಳನ್ನು ಕೊಲ್ಲುತ್ತಿದ್ದುದರಿಂದ ಯೂರೋಪಿನ ಜನ ಇದನ್ನು ನೊಣದ ಅಣಬೆಯೆಂದು ಕರೆದರು.

ಚುಕ್ಕೆಯಿದ್ದರೆ ವಿಷ, ಇಲ್ಲದಿದ್ದರೆ ಊಟ ಎಂದು ವಾಚಕರು ತೀರ್ಮಾನಿಸಿಯಾರು. ಅಪಾಯವಿರುವುದು ಅಲ್ಲಿಯೇ. ಎರಡು ಅಣಬೆಗಳೂ ನೆಲದಿಂದೇಳುವಾಗ ಬಿಳಿಯ ಹೊದಿಕೆಯೊಳಗೆ ಮೊಟ್ಟೆಯಂತೆ ಮುಚ್ಚಿಕೊಂಡಿರುತ್ತವೆ. ಸೀಸರನ ಅಣಬೆಯ ಹೊದಿಕೆ ಗಟ್ಟಿಯಾದುದು. ಕೊಡೆ ಮೇಲೇರುವಾಗ ಅದು ನೆತ್ತಿಯಲ್ಲಿ ಹರಿದು, ಬುಡದಲ್ಲಿ ಚೀಲದಂತೆ ಉಳಿಯುತ್ತದೆ. ನೊಣದ ಅಣಬೆಯ ಹೊದಿಕೆಯಾದರೋ ಚೂರುಚೂರಾಗಿ ಕೊಡೆಯ ಮೇಲೆಯೇ ನಿಲ್ಲುತ್ತದೆ. ಚುಕ್ಕೆಗಳೆಂದರೆ ಆ ಚೂರುಗಳು. ಅವು ಬರಿದೆ ಅಂಟಿಕೊಂಡಿರುವುದರಿಂದ ಜೋರುಮಳೆ ಅವನ್ನು ತೊಳೆದುಬಿಡಬಲ್ಲುದು. ಕೆಂಪು ಬಣ್ಣವೂ ಮಾಸಿ ಕಿತ್ತಳೆಗೆ ತಿರುಗಬಹುದು. ಆಗ ವಿಷದ ಅಣಬೆ ಊಟದ ಅಣಬೆಯ ವೇಷ ತೊಟ್ಟಂತಾಯಿತು!

ಸುತ್ತಣ ಸ್ಥಿತಿಗೆ ತಕ್ಕಂತೆ ಬದಲಾಗುವ ಗುಣವನ್ನು ಗುರುತಾಗಿ ಹಿಡಿಯಬೇಡಿರೆಂದು ನಾನು ಭೌತವಿಜ್ಞಾನದ ಪ್ರಯೋಗಶಾಲೆಯಲ್ಲಿ ಹೇಳುವುದುಂಟು. ಇಲ್ಲಿಯೂ ಮಳೆಗೆ ಜಗ್ಗದ ಗುರುತುಗಳು ಬೇಕು. ಕೊಡೆಯನ್ನು ಮಗುಚಿ ನೋಡಿರಿ: ಸೀಸರನ ಅಣಬೆಯಲ್ಲಿ ಅಡಿಯ ಪದರಗಳೂ ಕಾಂಡವೂ ಹಳದಿ, ನೊಣದ ಅಣಬೆಯಲ್ಲಿ ಬಿಳಿ. ಕಾಂಡವನ್ನು ಕತ್ತರಿಸದೆ ಬುಡಸಹಿತ ಅಗೆದರೆ ಒಂದರಲ್ಲಿ ಚೀಲ, ಮತ್ತೊಂದರಲ್ಲಿ ಉಬ್ಬಿದ ಗಡ್ಡೆಯ ಮೇಲೆ ಬಳೆಗಳಂತಹ ಹುರುಪೆ. ಕೊಡೆಯನ್ನು ಕಾಗದದ ಮೇಲೆ ಕವುಚಿಟ್ಟು ಬೀಜಕಗಳ ಬಣ್ಣ ಪರೀಕ್ಷಿಸುವ ಪ್ರಸಿದ್ಧ ಕ್ರಮ ಇಲ್ಲಿ ಕೈಕೊಡುತ್ತದೆ; ಎರಡರದೂ ಹೆಚ್ಚುಕಡಿಮೆ ಬಿಳಿಯೇ.

ವಿಷದ ಕಥೆಯೂ ಸ್ವಾರಸ್ಯವಾಗಿದೆ. 1869ರಲ್ಲಿ ನೊಣದ ಅಣಬೆಯಿಂದ ಬೇರ್ಪಡಿಸಿದ ಮಸ್ಕರೀನ್ ಎಂಬ ವಸ್ತುವೇ ದೋಷಿಯೆಂದು ಬಹುಕಾಲ ನಂಬಿದ್ದರು. ಅದು ಇದರಲ್ಲಿ ಇರುವುದು ಅತ್ಯಲ್ಪ. ಮಂಪರು, ಚಿತ್ತಭ್ರಮೆಗಳನ್ನು ತರುವುವು ಐಬೊಟೆನಿಕ್ ಆಮ್ಲ ಮತ್ತು ಮಸ್ಕಿಮಾಲ್ ಎಂಬುದು 1960ರ ದಶಕದಲ್ಲಿ ತಿಳಿಯಿತು. ಇದನ್ನು ತಿಂದು ಸಾಯುವುದು ಅಪರೂಪ.

ಇನ್ನೂ ಅರಳದ ಮೊಟ್ಟೆಯ ವಿಚಾರದಲ್ಲಿ ಮಾತ್ರ ಬೇರೆಯೇ ಭಯವಿದೆ. ಉದ್ದಕ್ಕೆ ಸೀಳಿದಾಗ ಕೊಡೆಯ ಅಂಚು ಕಿತ್ತಳೆಯಾಗಿಯೂ ಪದರಗಳು ಹಳದಿಯಾಗಿಯೂ ಕಂಡರೆ ಅದು ಸೀಸರನದು. ಪದರಗಳು ಬಿಳಿಯಾಗಿದ್ದರೆ ನೊಣದ ಅಣಬೆಯಿರಬಹುದು. ಇಲ್ಲವೆ, ಅದೇ ಕುಲದ ಮೂರನೆಯ ಜಾತಿ, ಅಮಾನಿಟ ಫ್ಯಾಲಾಯ್ಡಿಸ್ ಇರಬಹುದು. ಅದರ ವಿಷ ಬೇಯಿಸಿದರೂ ಅಳಿಯುವುದಿಲ್ಲ. ತಿಂದ ಮೇಲೆ 6 ಗಂಟೆ ಅಥವಾ ಇನ್ನೂ ಹೆಚ್ಚು ಕಾಲ ಏನೂ ತೋರದೆ, ಅನಂತರ ವಾಂತಿಭೇದಿ ಮೊದಲಾಗುವ ಹೊತ್ತಿಗೆ ವಿಷವು ಯಕೃತ್ತನ್ನು ಹೊಕ್ಕಿರುತ್ತದೆ.