ಅಡಿಗೆ ಕಟ್ಟೆಯ ಕಲ್ಲಿಗೆ ಏನನ್ನೂ ತೂಗಹಾಕಬೇಡಿ

ನವಲಗುಂದ, ಅಣ್ಣಿಗೇರಿ ಕಡೆಯ ಹಳ್ಳಿಗಳಲ್ಲೂ ಈಗ ನಿಂತು ಅಡಿಗೆ ಮಾಡುವ ಕಟ್ಟೆಗಳು ಬಂದಿವೆ. ಹತ್ತಿ ಕಟಿಗೆ, ಕುಳ್ಳು ಸುಡುತ್ತಿದ್ದ ಎಷ್ಟೋ ಮನೆಗಳಿಗೆ 2016ರಲ್ಲಿ ಶುರುವಾದ ಉಜ್ವಲಾ ಯೋಜನೆಯಿಂದ ಗ್ಯಾಸ್ ಬಂತು. ಅನುಕೂಲ ಇದ್ದವರು ಕಲ್ಲು ಕೊರೆದು ಅದರಲ್ಲೇ ಒಲೆ ಕೂಡಿಸುತ್ತಾರೆ. ಕೆಳಗೆ ಸಿಲಿಂಡರ್, ಬಾಜೂಕೆ ಮನೆಯ ಹಿಟ್ಟಿನ ಗಿರಣಿ. ಇವೆಲ್ಲ ಅಲುಗಾಡಬಾರದು ಅಂತ ಗೌಂಡಿಗಳು ಕಲ್ಲಿನ ತಳಕ್ಕೇ ತೂತು ಹಾಕಿ ಸ್ಕ್ರೂ ಹೊಡೆಯುತ್ತಾರೆ. ಅಪಾಯ ಇರುವುದು ಅಲ್ಲೇ.

ನಮ್ಮ ಓಣಿಯ ಒಂದು ಮನೆಯಲ್ಲಿ ಗಿರಣಿ ಹಿಡಿದ ಕಬ್ಬಿಣದ ಪಟ್ಟಿಯನ್ನು ಹೀಗೇ ಕಡಪ ಕಲ್ಲಿಗೆ ಬಿಗಿದಿದ್ದರು. ಒಂದು ವರ್ಷ ತುಂಬುವುದರೊಳಗೆ ಸ್ಕ್ರೂ ಸಮೇತ ಕಲ್ಲಿನ ಚಕ್ಕೆ ಕಿತ್ತು ಬಂತು. ಗಿರಣಿ ಸರಿದು ಗ್ಯಾಸಿನ ಪೈಪನ್ನು ಗೋಡೆಗೆ ಒತ್ತಿ ಹಿಡಿದಿತ್ತು. ಸೊಸೆ ಕಸ ಹೊಡೆಯುವಾಗ ನೋಡಿದಳು, ಬಚಾವಾದರು.

ಸ್ಕ್ರೂ ಯಾಕೆ ನಿಲ್ಲುವುದಿಲ್ಲ?

ಕಡಪ ಆಗಲಿ, ಶಹಾಬಾದ ಫರಸಿ ಆಗಲಿ, ಪದರು ಪದರಾಗಿ ಕೂಡಿದ ಸುಣ್ಣದ ಕಲ್ಲು. ಮೇಲಿನಿಂದ ಸಮನಾಗಿ ಭಾರ ಇಟ್ಟರೆ ತಡೆಯುತ್ತದೆ. ಕೆಳಗಿನಿಂದ ಜಗ್ಗಿದರೆ ಪದರು ಬಿಡುತ್ತದೆ. ಗ್ರಾನೈಟಿಗೆ ಪದರಿನ ಕಾಟ ಇಲ್ಲ ಖರೆ, ಆದರೆ ಮುಕ್ಕಾಲು ಇಂಚಿನ ಕಲ್ಲಿನಲ್ಲಿ ಸ್ಕ್ರೂ ಎಷ್ಟು ಆಳ ಹೋದೀತು?

ಎರಡನೆಯದು ರೊಟ್ಟಿ. ನಮ್ಮ ಹೆಣ್ಣುಮಕ್ಕಳು ದಿನಾ ಅದೇ ಕಲ್ಲಿನ ಮೇಲೆ ಜೋಳದ ರೊಟ್ಟಿ ಬಡಿಯುತ್ತಾರೆ. ಪ್ರತಿ ಪೆಟ್ಟಿಗೂ ಕಲ್ಲು ನಡುಗಿ ಸ್ಕ್ರೂ ಸಡಿಲಾಗುತ್ತದೆ. ಪಟ್ಟಣದ ಕಟ್ಟೆ ನೋಡಿ ಮಾಡಿದ ಕೆಲಸ ನಮ್ಮಲ್ಲಿ ಬಾಳಿಕೆ ಬಾರದ್ದಕ್ಕೆ ಇದೂ ಒಂದು ಕಾರಣ.

ಮೂರನೆಯದು ನಮ್ಮ ಎರಿ ಮಣ್ಣು. ಮಳೆಗಾಲದಲ್ಲಿ ಉಬ್ಬುತ್ತದೆ, ಬ್ಯಾಸಗಿಯಲ್ಲಿ ಬಿರಿಯುತ್ತದೆ. ಅದರ ಮೇಲೆ ನೇರ ಕಟ್ಟಿದ ಕಟ್ಟೆಯ ಒಂದು ಗೋಡೆ ಕುಸಿದರೂ ಕಲ್ಲು ಸೀಳುತ್ತದೆ.

ಹಾಗಾದರೆ ಹೇಗೆ ಮಾಡಬೇಕು?

ಭಾರ ನೆಲದ ಮೇಲೆ, ಹಿಡಿತ ಬಾಜೂ ಗೋಡೆಗೆ, ಕಲ್ಲಿಗೆ ಏನೂ ಬೇಡ. ಇಷ್ಟೇ ಸೂತ್ರ.

ಕಟ್ಟೆಯ ಜಾಗದಲ್ಲಿ ಎರಿ ಮಣ್ಣು ತೆಗೆದು ಗರಸು ತುಂಬಿರಿ. ಅರ್ಧ ಅರ್ಧ ಫೂಟಿಗೆ ನೀರು ಹಾಕಿ ದಿಮ್ಮಸ ಬಡಿಯಿರಿ. ಎರಡು-ಎರಡೂವರೆ ಫೂಟಿಗೊಂದು ಅಡ್ಡಗೋಡೆ ಇರಲಿ. ಕಲ್ಲು ಕೂಡಿಸುವ ಮೊದಲೇ ಮುಂದೊಂದು ಹಿಂದೊಂದು ಕಬ್ಬಿಣದ ಆಂಗಲ್ ಪಟ್ಟಿಯನ್ನು ಗೋಡೆಯಿಂದ ಗೋಡೆಗೆ ಹೂಳಿರಿ. ಕಲ್ಲು ಅದರ ಮೇಲೆ ಕೂಡಲಿ. ಮುಂದೆ ಏನು ಬಿಗಿಯುವುದಿದ್ದರೂ ನಟ್ಟು ಬೋಲ್ಟು ಆಂಗಲ್‌ಗೆ ಹೋಗುತ್ತದೆ. ಕಟ್ಟೆ ಈಗಾಗಲೇ ಆಗಿದ್ದರೆ ಅಡ್ಡಗೋಡೆಗೆ ಕಟಿಗೆಯ ರೀಪು ಬಡಿದು ಅದಕ್ಕೆ ಬಿಗಿಯಬಹುದು.

ಒಲೆಗೆ ಕಲ್ಲು ಕೊರೆಸುವಾಗ ನಾಲ್ಕೂ ಮೂಲೆಗೆ ಮೊದಲು ದುಂಡಗೆ ತೂತು ಹಾಕಿಸಿರಿ. ಚೂಪು ಮೂಲೆಯಿಂದಲೇ ಸೀಳು ಶುರುವಾಗುತ್ತದೆ. ಮುಂದಿನ ಅಂಚಿಗೆ ಮೂರು ಇಂಚಾದರೂ ಕಲ್ಲು ಉಳಿಯಲಿ, ಎರಡೂ ಬಾಜು ಅಡ್ಡಗೋಡೆ ಹತ್ತಿರ ಇರಲಿ. ಒಲೆ ತನ್ನ ಭಾರದಿಂದಲೇ ಕೂಡುತ್ತದೆ. ಕೆಳಗಿನ ಕ್ಲಿಪ್ಪುಗಳು ಅದು ಸರಿಯದಿರಲಿ ಅಂತ ಮಾತ್ರ. ಪಾನಾ ಹಾಕಿ ಬಿಗಿಯಬೇಡಿ, ಗಾಜು ಇಲ್ಲವೇ ಕಲ್ಲು ಒಡೆಯುತ್ತದೆ. ರೊಟ್ಟಿ ಬಡಿಯುವ ಜಾಗ ಒಲೆಯ ಕಿಂಡಿಯಿಂದ ದೂರ, ಅಡ್ಡಗೋಡೆಯ ನೆತ್ತಿಯ ಮೇಲೆ ಬರುವಂತೆ ನೋಡಿಕೊಳ್ಳಿ.

ಗಿರಣಿಯ ಕಾಲಿಗೆ ದಪ್ಪ ರಬ್ಬರು ಕೊಡಿ. ನಮ್ಮಲ್ಲಿ ಹಳೆಯ ಟೈರಿನ ತುಂಡು ಸಾಕಾಗಿದೆ. ಸಿಲಿಂಡರ್ ಇರುವ ಖಾನೆಯಲ್ಲಿ ಮಾತ್ರ ಗಿರಣಿ ಬೇಡ.

ಸಿಲಿಂಡರಿನ ಖಾನೆ

ಅಡಿಗೆ ಗ್ಯಾಸು ಗಾಳಿಗಿಂತ ಭಾರ. ಸೋರಿದರೆ ನೆಲಕ್ಕೇ ಹರಡಿ ನಿಲ್ಲುತ್ತದೆ. ಅದಕ್ಕೆ ಖಾನೆಯ ಬಾಗಿಲಿಗೆ ನೆಲದ ಮಟ್ಟದಲ್ಲೂ ಮೇಲೂ ಕಿಂಡಿ ಬಿಡಿಸಿರಿ. ತಗ್ಗು ತೋಡಿ ಇಡಬೇಡಿ. 14.2 ಕಿಲೋದ ಸಿಲಿಂಡರ್ ನೆಟ್ಟಗೆ ನಿಂತಿರಬೇಕು, ಒಲೆಗಿಂತ ಕೆಳಗಿರಬೇಕು. ಪೈಪು ಪೂರ್ತಿ ಕಣ್ಣಿಗೆ ಕಾಣಬೇಕು. ಕಲ್ಲಿನ ಅಂಚಿಗೆ ತಿಕ್ಕಬಾರದು, ಒಲೆಯ ತಳಕ್ಕೆ ತಾಗಬಾರದು. ಐದು ವರ್ಷಕ್ಕೆ ಪೈಪು ಬದಲಿಸಿರಿ. ವಾಸನೆ ಬಂದರೆ ಕರೆಂಟಿನ ಬಟನ್ ಮುಟ್ಟಬೇಡಿ. ರೆಗ್ಯುಲೇಟರ್ ಬಂದ್ ಮಾಡಿ, ಬಾಗಿಲು ಕಿಟಕಿ ತೆರೆದು, ಹೊರಗೆ ಬಂದು 1906ಕ್ಕೆ ಫೋನ್ ಮಾಡಿರಿ.

ಕಟ್ಟೆ ಕಟ್ಟಿಸುವವರು ಈ ಮಾತನ್ನು ಕಲ್ಲು ತರುವ ಮೊದಲೇ ಗೌಂಡಿಗೆ ಹೇಳಿರಿ. ಮಳೆಗಾಲ ಮುಗಿದ ಮೇಲೆ ವರ್ಷಕ್ಕೊಮ್ಮೆ ಬ್ಯಾಟರಿ ಹಿಡಿದು ಕಲ್ಲಿನ ತಳ ನೋಡಿರಿ. ಕೂದಲೆಳೆಯಷ್ಟು ಸೀಳು ಕಂಡರೂ ಕೆಳಗೆ ಒಂದು ಇಟ್ಟಿಗೆ ಕಂಬ ಕೊಡಿಸಿರಿ. ಹತ್ತು ಇಟ್ಟಿಗೆಯ ಕೆಲಸ, ಕಲ್ಲೂ ಉಳಿಯುತ್ತದೆ, ಮನೆಯವರೂ ಉಳಿಯುತ್ತಾರೆ.